ಚಳಿಗಾಲದ ಹಾನ್ಲೆ: ಆಕಾಶಕ್ಕೆ ಐದು ಸ್ಟಾರ್, ಪ್ಯಾಕೇಜಿಗೆ ಎರಡು

ಮೊದಲು ಅಂಕ ಕೊಟ್ಟುಬಿಡುತ್ತೇನೆ, ಆಮೇಲೆ ವಿವರ. ಲಡಾಖ್‌ನ ಗಡಿ ಹತ್ತಿರದ ಹಾನ್ಲೆ ಅನ್ನುವ ಊರಿನ ಆಕಾಶಕ್ಕೆ, ನಾವು ಉಳಿದುಕೊಂಡ ಹೋಮ್‌ಸ್ಟೇಗೆ, ಟೆಲಿಸ್ಕೋಪ್ ಇಟ್ಟುಕೊಂಡು ಆಕಾಶ ತೋರಿಸುವ ಅಲ್ಲಿನ ಊರಿನವರಿಗೆ ಐದಕ್ಕೆ ಐದು. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ ಟೂರ್ ಏಜೆನ್ಸಿಗೆ ಎರಡು. ಆ ಎರಡರಲ್ಲೂ ಒಂದೂವರೆ ಡ್ರೈವರ್‌ಗೆ ಸೇರಬೇಕಾದ್ದು. ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಹೋಗುವ ಮುಂಚೆ ಬೇರೆ ಬೇರೆಯವರ ಪ್ಯಾಕೇಜ್ ತರಿಸಿಕೊಂಡು ನೋಡಿದ್ದೆ, ಎಲ್ಲರದ್ದೂ ಒಂದೇ ಅಚ್ಚು. ಹಗಲಲ್ಲಿ ಎಷ್ಟು ಜಾಗ ತೋರಿಸುತ್ತೇವೆ ಅನ್ನುವುದನ್ನೇ ಮಾರುತ್ತಾರೆ. ರಾತ್ರಿ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ ಯಾರ ಹತ್ತಿರವೂ ಇಲ್ಲ. ನಕ್ಷತ್ರ ನೋಡಲು ಹೋಗುವವರಿಗೆ ಬೇಕಾದದ್ದು ರಾತ್ರಿ ತಾನೇ?

ನಾನು ಕಲಬುರಗಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಬಿಎಸ್‌ಸಿ ಓದುವ ಮಕ್ಕಳ ಒಂದು ಸಣ್ಣ ಗುಂಪು, ಜೊತೆಗೆ ನಾನು ಮತ್ತು ಇನ್ನೊಬ್ಬರು ಮೇಡಂ. ಹೋಗಿದ್ದು 2025ರ ಡಿಸೆಂಬರ್‌ನಲ್ಲಿ. ಅಷ್ಟು ಚಳಿಯಲ್ಲಿ ಯಾಕೆ ಅಂತ ಎಲ್ಲರೂ ಕೇಳಿದರು. ಸೆಮಿಸ್ಟರ್ ರಜೆ ಸಿಗುವುದು ಆಗಲೇ, ಅದು ಒಂದು ಕಾರಣ. ಇನ್ನೊಂದು, ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಏಳಕ್ಕೆ ಮುಂಚೆಯೇ ಪೂರ್ತಿ ಕತ್ತಲಾಗುತ್ತದೆ, ಬೆಳಗಿನ ಜಾವ ಐದೂವರೆವರೆಗೂ ಹಾಗೇ ಇರುತ್ತದೆ. ಹತ್ತು ಗಂಟೆಗೂ ಜಾಸ್ತಿ ಕಡುಗತ್ತಲೆ. ಜೂನ್‌ನಲ್ಲಿ ಹೋದರೆ ಸಿಗುವುದು ಆರು ಗಂಟೆ ಚಿಲ್ಲರೆ ಅಷ್ಟೇ.

ತಾರೀಕಿನ ವಿಷಯದಲ್ಲೇ ಏಜೆನ್ಸಿಯ ಜೊತೆ ಮೊದಲ ಜಗಳ. ಅವರು ಕೊಟ್ಟಿದ್ದು ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರ, 'ಸ್ಟಾರ್ ಗೇಜಿಂಗ್ ನ್ಯೂ ಇಯರ್ ಸ್ಪೆಷಲ್' ಅಂತೆ. ಜನವರಿ 3ಕ್ಕೆ ಹುಣ್ಣಿಮೆ ಇತ್ತು. ಹೊಸ ವರ್ಷದ ರಾತ್ರಿ ಹಿಮದ ಬೆಟ್ಟಗಳ ಮೇಲೆ ದೊಡ್ಡ ಚಂದ್ರ ಬಂದು ಕೂತರೆ ಪೇಪರ್ ಓದಬಹುದು, ಗ್ಯಾಲಕ್ಸಿ ನೋಡಕ್ಕಾಗಲ್ಲ. ಫೋನ್‌ನಲ್ಲಿ ಇದನ್ನು ಹೇಳಿದಾಗ ಆ ಕಡೆಯಿಂದ, "ಸರ್, ಫುಲ್ ಮೂನ್ ಇದ್ರೆ ಇನ್ನೂ ಚೆನ್ನಾಗಿರತ್ತೆ, ಫೋಟೋ ಸೂಪರ್ ಬರತ್ತೆ" ಅಂದರು. ನಾವು ಹಟ ಹಿಡಿದು ಡಿಸೆಂಬರ್ 19ರ ಅಮಾವಾಸ್ಯೆಯ ಆಸುಪಾಸಿಗೆ ಬದಲಾಯಿಸಿಕೊಂಡೆವು. ಅದು ನಮ್ಮ ಕಡೆ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ ಮಕ್ಕಳು ಊರಲ್ಲಿಲ್ಲ ಅಂತ ಕೆಲವು ಮನೆಯವರು ಮುಖ ಊದಿಸಿಕೊಂಡರು. ಆದರೂ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಎಲ್ಲಾ ಕಟ್ಟಿಯೇ ಕಳಿಸಿದರು. ಅದು ಆಮೇಲೆ ಬಹಳ ಕೆಲಸಕ್ಕೆ ಬಂತು.

ಎರಡನೇ ಜಗಳ ಬ್ರೋಷರ್ ಬಗ್ಗೆ. ಅದರ ಮುಖಪುಟದಲ್ಲಿ ಹಾಲುಹಾದಿಯ ದಪ್ಪನೆಯ ಹೊಳೆಯುವ ನಡುಭಾಗ, ಕೆಳಗೆ ಹಾನ್ಲೆಯ ಗೊಂಪ, ಅಂದರೆ ಬೌದ್ಧ ಮಠ. ಆ ನಡುಭಾಗ ಇರುವುದು ಧನುರಾಶಿಯ ಕಡೆಗೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯನೇ ಅಲ್ಲಿರುತ್ತಾನೆ, ಹಾಗಾಗಿ ಅದು ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಆ ಫೋಟೋ ಬೇಕಿದ್ದರೆ ಬೇಸಿಗೆಯಲ್ಲಿ ಹೋಗಬೇಕು. ಚಳಿಗಾಲದಲ್ಲಿ ಕಾಣುವುದು ಹಾಲುಹಾದಿಯ ಹೊರಗಿನ, ಸ್ವಲ್ಪ ತೆಳುವಾದ ಭಾಗ. ಇದನ್ನು ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. ನಾನು ಮಕ್ಕಳಿಗೆ ಮೊದಲೇ ಹೇಳಿದ್ದರಿಂದ ಯಾರೂ ಬೇಜಾರಾಗಲಿಲ್ಲ. ಆದರೆ ಅದೇ ಹೋಮ್‌ಸ್ಟೇಗೆ ಬಂದಿದ್ದ ಬೇರೆ ಒಂದು ಜೋಡಿ, ಬ್ರೋಷರ್‌ನ ಫೋಟೋ ಹಿಡಿದುಕೊಂಡು "ಇದು ಯಾವಾಗ ಬರುತ್ತೆ?" ಅಂತ ರಾತ್ರಿಯೆಲ್ಲಾ ಕೇಳುತ್ತಿದ್ದರು. ಪಾಪ ಅನ್ನಿಸಿತು.

ಇನ್ನು ದಾರಿ. ಏಜೆನ್ಸಿಯ ಪ್ಲ್ಯಾನ್‌ನಲ್ಲಿ ಲೇಹ್‌ನಲ್ಲಿ ಒಂದೇ ರಾತ್ರಿ, ಮಾರನೇ ದಿನ ಪ್ಯಾಂಗಾಂಗ್ ಸರೋವರ, ಅದರ ಮಾರನೇ ದಿನ ಹಾನ್ಲೆ, ಅದರ ಮಾರನೇ ಬೆಳಗ್ಗೆಯೇ ಉಮ್ಲಿಂಗ್ ಲಾ ಅನ್ನುವ ಘಾಟಿ. ಲೇಹ್ 3,500 ಮೀಟರ್ ಎತ್ತರದಲ್ಲಿದೆ. ಹಾನ್ಲೆ ಊರು ಸುಮಾರು 4,300 ಮೀಟರ್. ಉಮ್ಲಿಂಗ್ ಲಾ ರಸ್ತೆ 19,024 ಅಡಿ, ಅಂದರೆ ಸುಮಾರು 5,800 ಮೀಟರ್ ಎತ್ತರ. ಕಲಬುರಗಿಯಂಥ ಬಯಲಿನಿಂದ ವಿಮಾನದಲ್ಲಿ ನೇರ ಬಂದಿಳಿದ ಇಪ್ಪತ್ತರ ಹುಡುಗರಾದರೂ ಸರಿ, ದೇಹ ಹೊಂದಿಕೊಳ್ಳಲು ಕನಿಷ್ಠ 48 ಗಂಟೆ ಲೇಹ್‌ನಲ್ಲೇ ಸುಮ್ನೆ ಬಿದ್ದಿರಬೇಕು. ಇದನ್ನು ಅಲ್ಲಿನ ಟ್ಯಾಕ್ಸಿಯವರೂ ಹೇಳುತ್ತಾರೆ. ನಾವು ಪ್ಯಾಂಗಾಂಗ್ ಬಿಟ್ಟೆವು, ಉಮ್ಲಿಂಗ್ ಲಾ ಬಿಟ್ಟೆವು, ಉಳಿದ ದಿನಗಳನ್ನೆಲ್ಲಾ ಲೇಹ್‌ಗೂ ಹಾನ್ಲೆಗೂ ಹಂಚಿಕೊಂಡೆವು. "ಅಷ್ಟು ದೂರ ಹೋಗಿ ಉಮ್ಲಿಂಗ್ ಲಾ ನೋಡ್ದೇ ಬರ್ತೀರಾ?" ಅಂತ ಕೇಳಿದರು. ಬರ್ತೀವಿ. ರಾತ್ರಿ ಎರಡು ಗಂಟೆವರೆಗೆ ಮೈನಸ್ ಇಪ್ಪತ್ತರಲ್ಲಿ ನಿಂತವರನ್ನು ಬೆಳಗ್ಗೆ ಆರಕ್ಕೆ ಎಬ್ಬಿಸಿ ರೀಲ್ಸ್ ಮಾಡಿಸಲು ಕರೆದುಕೊಂಡು ಹೋಗುವುದು ಯಾವ ಸೀಮೆಯ ಪ್ರವಾಸ?

ದುಡ್ಡಿನ ಮಾತೂ ಹೇಳಬೇಕಲ್ಲ. ವಿಮಾನ ಬಿಟ್ಟು ಒಬ್ಬರಿಗೆ 25,000 ರೂಪಾಯಿ ಆಸುಪಾಸು ಆಯಿತು. ಅದರಲ್ಲಿ ಜಾಸ್ತಿ ಪಾಲು ಗಾಡಿಗೆ. ನಾವು ಬೇಡ ಅಂದ ಜಾಗಗಳ ದುಡ್ಡು ವಾಪಸ್ ಬರಲಿಲ್ಲ. 'ಮೈನಸ್ 20 ಸ್ಲೀಪಿಂಗ್ ಬ್ಯಾಗ್' ಅಂತ ಬರೆದಿದ್ದ ಕಡೆ ಬಂದದ್ದು ನಂದಿಬೆಟ್ಟಕ್ಕೂ ಸಾಲದಂಥ ತೆಳು ಚೀಲ. ಎರಡು ಆಕ್ಸಿಜನ್ ಸಿಲಿಂಡರ್‌ನಲ್ಲಿ ಒಂದರ ಮುಳ್ಳು ಸೊನ್ನೆಯಲ್ಲಿತ್ತು. ಬೆರಳಿಗೆ ಹಾಕುವ ಆಕ್ಸಿಮೀಟರ್ ಅವರ ಹತ್ತಿರ ಇರಲೇ ಇಲ್ಲ, ನಮ್ಮ ಮೇಡಂ ತಂದಿದ್ದರು. ಮಕ್ಕಳ ಗುಂಪು ಅಂತ ಗೊತ್ತಿದ್ದೂ ಇಷ್ಟು ಸಡಿಲ ಅಂದರೆ ನನಗೆ ಸಿಟ್ಟು ಬರುವುದು ಇಲ್ಲೇ. ಉಳಿದದ್ದೆಲ್ಲಾ ಹೋಗಲಿ ಅನ್ನಬಹುದು, ಆಕ್ಸಿಜನ್ ವಿಷಯದಲ್ಲಿ ಅನ್ನಕ್ಕಾಗಲ್ಲ.

ಡ್ರೈವರ್ ಮಾತ್ರ ಬಂಗಾರದಂಥ ಮನುಷ್ಯ. ಲೇಹ್‌ನಿಂದ ಹಾನ್ಲೆಗೆ 250 ಕಿಲೋಮೀಟರ್‌ಗೂ ಹೆಚ್ಚು. ಸಿಂಧೂ ನದಿಯ ಪಕ್ಕದಲ್ಲೇ ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ ದಾಟಿ ಹೋಗುವ ರಸ್ತೆ. ಈ ದಾರಿಯಲ್ಲಿ ದೊಡ್ಡ ಘಾಟಿ ಹತ್ತಿ ಇಳಿಯುವುದಿಲ್ಲ, ಅದಕ್ಕೇ ಚಳಿಗಾಲದಲ್ಲೂ ಸಾಮಾನ್ಯವಾಗಿ ಓಡಾಟ ಇರುತ್ತದೆ. ಎಲ್ಲಿ ರಸ್ತೆ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತೆ ಅಂತ ಅವರಿಗೆ ಬಾಯಿಪಾಠ. ಚುಮಾಥಾಂಗ್‌ನಲ್ಲಿ ನದಿ ಅರ್ಧ ಹೆಪ್ಪುಗಟ್ಟಿತ್ತು, ಪಕ್ಕದಲ್ಲೇ ನೆಲದಿಂದ ಬಿಸಿನೀರು ಕುದಿಯುತ್ತಾ ಬರುತ್ತಿತ್ತು. ಕಾಡುಕತ್ತೆಗಳ ಹಿಂಡು ಕಂಡಿತು. ಗಡಿ ಹತ್ತಿರ ಇರುವುದರಿಂದ ಪರ್ಮಿಟ್ ಬೇಕು, ಅದನ್ನು ಏಜೆನ್ಸಿ ಸರಿಯಾಗಿ ಮಾಡಿಸಿತ್ತು, ಆ ಅರ್ಧ ಅಂಕ ಅವರಿಗೇ. ಒಂದು ಮಾತು ನೆನಪಿಟ್ಟುಕೊಳ್ಳಿ: ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಮಕ್ಕಳದ್ದೆಲ್ಲಾ ಪ್ರೀಪೇಯ್ಡ್. ಮನೆಗೆ ಸುದ್ದಿ ಹೋಗಿದ್ದೆಲ್ಲಾ ಮೇಡಂ ಅವರ ಪೋಸ್ಟ್‌ಪೇಯ್ಡ್ ನಂಬರ್‌ನಿಂದ.

ಈಗ ಒಳ್ಳೆಯ ಭಾಗಕ್ಕೆ ಬರೋಣ.

ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರ್ ಜಾಗವನ್ನು 2022ರ ಡಿಸೆಂಬರ್‌ನಲ್ಲಿ ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದರು. ಅಂದರೆ ಕತ್ತಲೆಯನ್ನು ಕಾಪಾಡುವ ಪ್ರದೇಶ. ಊರಿನ ಮನೆಗಳಿಗೆ ದಪ್ಪ ಪರದೆ, ಹಳದಿ ಬಣ್ಣದ ಮಂದ ದೀಪ, ಗಾಡಿಗಳಿಗೆ ರಾತ್ರಿ ಹೈಬೀಮ್ ಇಲ್ಲ. ಬೋಕ್, ಶಾಡೊ, ಪುಂಗುಕ್, ಖುಲ್ಡೊ, ನಾಗಾ ಅನ್ನುವ ಸಣ್ಣ ಸಣ್ಣ ಊರುಗಳು. ಇಲ್ಲಿನ 24 ಜನಕ್ಕೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತರಬೇತಿ ಕೊಟ್ಟು, ಟೆಲಿಸ್ಕೋಪ್‌ಗಳನ್ನೂ ಒದಗಿಸಿದ್ದಾರೆ. ಅವರನ್ನು ಆಸ್ಟ್ರೋ ಅಂಬಾಸಿಡರ್ ಅನ್ನುತ್ತಾರೆ, ಹೆಂಗಸರೂ ಇದ್ದಾರೆ. ನಮಗೆ ಸಿಕ್ಕವರೂ ಒಬ್ಬ ಹೆಣ್ಣುಮಗಳೇ. ಹಗಲು ಮೇಕೆ, ಮನೆ, ಅಡುಗೆ. ರಾತ್ರಿ ಎಂಟು ಇಂಚಿನ ಕನ್ನಡಿ ಇರುವ ಡಾಬ್ಸೋನಿಯನ್ ಟೆಲಿಸ್ಕೋಪ್.

ಆಕೆಯ ಕೆಲಸ ನೋಡಿ ನಾನು ಮೇಷ್ಟ್ರಾಗಿ ಕಲಿತಿದ್ದು ಬಹಳ. ಊಟಕ್ಕೆ ಮುಂಚೆಯೇ ಟೆಲಿಸ್ಕೋಪ್ ಹೊರಗೆ ಇಟ್ಟುಬಿಡುತ್ತಿದ್ದರು, ಕನ್ನಡಿ ಹೊರಗಿನ ಚಳಿಗೆ ಹೊಂದಿಕೊಳ್ಳಲಿ ಅಂತ. ಬೆಚ್ಚಗಿನ ಕನ್ನಡಿ ಇದ್ದರೆ ಅದರ ಮೇಲಿನ ಗಾಳಿ ಅಲುಗಾಡಿ ಗುರು ಗ್ರಹವೂ ನೀರಲ್ಲಿ ಬಿದ್ದ ನಾಣ್ಯದ ಹಾಗೆ ಕಾಣುತ್ತದೆ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಗಾಜಿನ ಹತ್ತಿರ ಬಂದಾಗ ಉಸಿರು ಬಿಡಬೇಡಿ ಅಂತ ಎಲ್ಲರಿಗೂ ತಾಕೀತು. ಒಬ್ಬ ಹುಡುಗ ಮರೆತು ಉಸಿರು ಬಿಟ್ಟ, ಗಾಜಿನ ಮೇಲೆ ಕ್ಷಣದಲ್ಲಿ ಹಿಮ ಕಟ್ಟಿತು. ಆಕೆ ಬೈಯಲಿಲ್ಲ, ಜೇಬಿನಿಂದ ಬೆಚ್ಚಗಿದ್ದ ಇನ್ನೊಂದು ಐಪೀಸ್ ತೆಗೆದು ಹಾಕಿದರು. ಮೊದಲ ಅರ್ಧ ಗಂಟೆ ಟೆಲಿಸ್ಕೋಪ್ ಮುಟ್ಟಲೂ ಬಿಡಲಿಲ್ಲ, ಕಣ್ಣು ಕತ್ತಲೆಗೆ ಒಗ್ಗಲಿ ಅಂತ. ಅಷ್ಟರಲ್ಲಿ ಏಜೆನ್ಸಿಯ ಹುಡುಗ ಬಿಳಿ ಟಾರ್ಚ್ ಹಾಕಿಕೊಂಡು "ಗ್ರೂಪ್ ಫೋಟೋ, ಗ್ರೂಪ್ ಫೋಟೋ" ಅಂತ ಬಂದ. ಅರ್ಧ ಗಂಟೆಯ ತಪಸ್ಸು ಒಂದು ಸೆಕೆಂಡಿನಲ್ಲಿ ಹಾಳು. ಆಗ ನಮ್ಮ ಡ್ರೈವರ್ ಅವನನ್ನು ಕೈ ಹಿಡಿದು ಗಾಡಿಗೆ ಕರೆದುಕೊಂಡು ಹೋದದ್ದಕ್ಕೇ ನಾನು ಮೇಲೆ ಹೇಳಿದ ಒಂದೂವರೆ ಅಂಕ.

ಕಂಡದ್ದೇನು? ನೆತ್ತಿಯ ಹತ್ತಿರ ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೆ ಉದ್ದನೆಯ ಮಂಜಿನ ತುಣುಕಿನಂತೆ ಇತ್ತು. ಅದನ್ನು ಊರ ಹೊರಗಿನ ಹೊಲದಿಂದಲೂ ನೋಡಿದ್ದೇವೆ, ಸರಿ. ಆದರೆ ಆಕೆ ಪಕ್ಕದ ಟ್ರಯಾಂಗುಲಂ ಗ್ಯಾಲಕ್ಸಿಯನ್ನೂ ಬರಿಗಣ್ಣಲ್ಲಿ ಹುಡುಕಿಸಿದರು. ಅದು ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರ. ಅದು ಬರಿಗಣ್ಣಿಗೆ ಕಂಡರೆ ಆಕಾಶ ಶುದ್ಧ ಅಂತ ಅರ್ಥ, ನಮ್ಮ ಕಡೆ ಯಾರೂ ಅದಕ್ಕೆ ಪ್ರಯತ್ನ ಕೂಡ ಮಾಡುವುದಿಲ್ಲ. ಕೃತ್ತಿಕೆಯ ಕೆಳಗೆ ಬೈನಾಕ್ಯುಲರ್‌ನಲ್ಲಿ ಯುರೇನಸ್. ಪುನರ್ವಸು ನಕ್ಷತ್ರಗಳ ಹತ್ತಿರ ಗುರು, ನಾಲ್ಕು ಚಂದ್ರರ ಸಮೇತ. ಮಹಾವ್ಯಾಧ (ಒರಿಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆಯನ್ನು ಎಂಟು ಇಂಚಿನಲ್ಲಿ ನೋಡಿದವರು ಐಪೀಸ್ ಬಿಟ್ಟು ಏಳಲೇ ಇಲ್ಲ, ಹಿಂದೆ ನಿಂತವರ ಕಾಲು ಮರಗಟ್ಟಿ ಜಗಳ ಶುರುವಾಯಿತು.

ಶನಿ ಮಾತ್ರ ಮಕ್ಕಳಿಗೆ ನಿರಾಸೆ ಮಾಡಿದ. 2025ರಲ್ಲಿ ಶನಿಯ ಬಳೆಗಳು ನಮ್ಮ ಕಡೆಗೆ ಅಂಚನ್ನು ತಿರುಗಿಸಿದ್ದವು, ಹಾಗಾಗಿ ಗ್ರಹಕ್ಕೆ ಅಡ್ಡಲಾಗಿ ಒಂದು ಸೂಜಿ ಚುಚ್ಚಿದ ಹಾಗೆ ಮಾತ್ರ ಕಂಡಿತು. ನನಗೆ ಅದೇ ಇಷ್ಟವಾಯಿತು, ಹದಿನೈದು ವರ್ಷಕ್ಕೊಮ್ಮೆ ಸಿಗುವ ನೋಟ ಅದು. ಮಕ್ಕಳಿಗೆ ಬೇಕಿದ್ದದ್ದು ಪಠ್ಯಪುಸ್ತಕದ ಚಿತ್ರ. ಇನ್ನೊಂದು ಗುಂಪು 3ಐ ಅಟ್ಲಾಸ್ ಧೂಮಕೇತು ತೋರಿಸಿ ಅಂತ ದುಂಬಾಲು ಬಿತ್ತು. ಬೇರೆ ನಕ್ಷತ್ರದ ಕಡೆಯಿಂದ ಬಂದು ನಮ್ಮ ಸೌರಮಂಡಲದೊಳಗೆ ಸಿಕ್ಕಿದ ಮೂರನೇ ಕಾಯ ಅದು, 2025ರ ಜುಲೈನಲ್ಲಿ ಪತ್ತೆಯಾಯಿತು, ಭೂಮಿಗೆ ಅತಿ ಹತ್ತಿರ ಬಂದದ್ದು ಡಿಸೆಂಬರ್ 19ಕ್ಕೇ. ಹತ್ತಿರ ಅಂದರೂ ಸುಮಾರು 27 ಕೋಟಿ ಕಿಲೋಮೀಟರ್. ಯೂಟ್ಯೂಬ್ ನೋಡಿಕೊಂಡು ಬಂದವರಿಗೆ ಅದು ಆಕಾಶದ ತುಂಬಾ ಬಾಲ ಬಿಚ್ಚಿಕೊಂಡು ಬರುತ್ತೆ ಅನ್ನುವ ಕಲ್ಪನೆ. "ಈ ಟೆಲಿಸ್ಕೋಪ್‌ಗೆ ಅದು ತುಂಬಾ ಮಂಕು, ಕಂಡಿತು ಅಂತ ನಾನು ಸುಳ್ಳು ಹೇಳಲ್ಲ" ಅಂದರು ಆಕೆ ಹಿಂದಿಯಲ್ಲಿ. ಟೂರಿಸಂನಲ್ಲಿರುವವರ ಬಾಯಲ್ಲಿ ಇಂಥ ಮಾತು ಕೇಳಿದ್ದು ಅಪರೂಪ.

ಪಾಠ ಅಂತ ಮಾಡಿಸಿದ್ದು ಒಂದೇ, ಅದೂ ಮುಷ್ಟಿಯಲ್ಲಿ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿದೆಯೋ ಅದೇ ಆ ಊರಿನ ಅಕ್ಷಾಂಶ. ಕಲಬುರಗಿಯಲ್ಲಿ ಎರಡು ಮುಷ್ಟಿಗೂ ಕಡಿಮೆ, ಹಾನ್ಲೆಯಲ್ಲಿ ಮೂರು ದಾಟುತ್ತದೆ. ಊರಲ್ಲಿ ಹೊರಡುವ ಮುಂಚೆಯೇ ಅಳೆಸಿದ್ದೆ. ಇಲ್ಲಿ ಮತ್ತೆ ಅಳೆದಾಗ ತಾವು ಭೂಮಿಯ ಉಬ್ಬಿನ ಮೇಲೆ ಉತ್ತರಕ್ಕೆ ಹತ್ತಿ ಬಂದಿದ್ದೇವೆ ಅನ್ನುವುದು ಅವರಿಗೆ ಕೈಯಲ್ಲೇ ಸಿಕ್ಕಿತು. ದಕ್ಷಿಣದ ಕಡೆ ತಿರುಗಿ ಅಗಸ್ತ್ಯನನ್ನು ಹುಡುಕಿದರು. ನಮ್ಮಲ್ಲಿ ಇಪ್ಪತ್ತು ಡಿಗ್ರಿ ಮೇಲೇರುವ ನಕ್ಷತ್ರ ಅಲ್ಲಿ ಐದು ಡಿಗ್ರಿ ಕೂಡ ಏರುವುದಿಲ್ಲ, ಬೆಟ್ಟದ ಹಿಂದೆಯೇ ಉಳಿದುಬಿಟ್ಟ.

ಇನ್ನೊಂದು ವಿಷಯ, ಯಾರೂ ಹೇಳದ್ದು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರವತ್ತು ಪರ್ಸೆಂಟ್. ಆಕ್ಸಿಜನ್ ಕಡಿಮೆಯಾದರೆ ಕತ್ತಲಲ್ಲಿ ನೋಡುವ ಕಣ್ಣಿನ ಶಕ್ತಿಯೂ ತಗ್ಗುತ್ತದೆ. ಅದಕ್ಕೇ ಮೊದಲ ರಾತ್ರಿ ಕಂಡಿದ್ದಕ್ಕಿಂತ ಆಮೇಲಿನ ರಾತ್ರಿಗಳಲ್ಲಿ ಜಾಸ್ತಿ ಕಂಡಿತು, ಆಕಾಶ ಅದೇ ಇದ್ದರೂ. ಒಂದೇ ರಾತ್ರಿಯ ಹಾನ್ಲೆ ಪ್ಯಾಕೇಜ್ ದಂಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಹಗಲು ಸರಸ್ವತಿ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಹೋದೆವು. ಸುಮಾರು 4,500 ಮೀಟರ್ ಎತ್ತರ. ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್, ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದ್ದು, 2000ದಿಂದ ಆಕಾಶ ನೋಡುತ್ತಿದೆ. ತಮಾಷೆ ಏನೆಂದರೆ ಇದನ್ನು ನಡೆಸುವ ಖಗೋಳ ವಿಜ್ಞಾನಿಗಳು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಸ್ಯಾಟಲೈಟ್ ಸಂಪರ್ಕದ ಮೂಲಕ. ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಹೊಸಕೋಟೆಗೆ ಬಸ್ ಹತ್ತಿದ್ದರೆ ಸಾಕಿತ್ತಲ್ಲ ಸರ್, ಅಂತ. ಅದೇ ಪ್ರದೇಶದಲ್ಲಿ ಮೇಸ್ ಅನ್ನುವ ಟೆಲಿಸ್ಕೋಪ್ ಇದೆ, 21 ಮೀಟರ್ ಅಗಲದ ದೊಡ್ಡ ಬಟ್ಟಲು, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ದೂರದಿಂದ ಬರುವ ಗಾಮಾ ಕಿರಣ ನಮ್ಮ ವಾತಾವರಣಕ್ಕೆ ಬಡಿದಾಗ ಕಣಗಳ ಸುರಿಮಳೆ ಹುಟ್ಟುತ್ತದೆ, ಆ ಕಣಗಳು ಗಾಳಿಯಲ್ಲಿ ಬೆಳಕು ಹೋಗುವುದಕ್ಕಿಂತ ವೇಗವಾಗಿ ಹೋಗಿ ಒಂದು ನೀಲಿ ಮಿಂಚು ಬಿಡುತ್ತವೆ, ಸೆಕೆಂಡಿನ ಕೋಟಿ ಭಾಗಕ್ಕಿಂತ ಚಿಕ್ಕ ಹೊತ್ತಿಗೆ ಬಂದು ಹೋಗುವ ಆ ಮಿಂಚನ್ನು ಹಿಡಿಯುವ ಯಂತ್ರ ಅದು. ಈ ಬೆಳಕಿನ ಬಗ್ಗೆಯೇ ಪುಸ್ತಕದಲ್ಲಿ ಚೆರೆಂಕೋವ್ ಅಂತ ಎರಡು ಅಂಕದ ಪ್ರಶ್ನೆ ಬರುತ್ತದೆ, ಅದರ ಎದುರು ನಿಂತಾಗ ಪ್ರಶ್ನೆ ಯಾಕೆ ಇದೆ ಅಂತ ಗೊತ್ತಾಯಿತು. ರಾತ್ರಿ ಹೊತ್ತು ವೀಕ್ಷಣಾಲಯಕ್ಕೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ, ಕೆಲಸ ಮಾಡುವ ಜಾಗಕ್ಕೆ ಬೆಳಕು ತೆಗೆದುಕೊಂಡು ಹೋಗುವಂತಿಲ್ಲ.

ಹೋಮ್‌ಸ್ಟೇ ಬಗ್ಗೆ ಬೇಗ ಮುಗಿಸುತ್ತೇನೆ. ನಲ್ಲಿಯಲ್ಲಿ ನೀರು ಬರಲ್ಲ, ಪೈಪ್ ಹೆಪ್ಪುಗಟ್ಟಿರುತ್ತದೆ. ಬಕೆಟ್ ನೀರು, ಮಣ್ಣು ಹಾಕುವ ಒಣ ಶೌಚಾಲಯ. ಸ್ನಾನದ ಮಾತು ಬಿಡಿ. ನಡುಮನೆಯಲ್ಲಿ ಬುಖಾರಿ ಒಲೆ ಇರುತ್ತದೆ, ಎಲ್ಲರೂ ಅದರ ಸುತ್ತ. ಮಲಗುವ ಕೋಣೆಯಲ್ಲಿ ಒಲೆ ಉರಿಯುತ್ತಿರುವಾಗ ಬಾಗಿಲು ಕಿಟಕಿ ಪೂರ್ತಿ ಮುಚ್ಚಿ ಮಲಗಲು ಮನೆಯವರು ಬಿಡಲಿಲ್ಲ, ಹೊಗೆಯ ಅಪಾಯ ಅವರಿಗೆ ಗೊತ್ತು. ಏಜೆನ್ಸಿಯ ಚೀಲಗಳನ್ನು ನೋಡಿ ಅಜ್ಜಿ ನಕ್ಕು, ಎರಡೆರಡು ದಪ್ಪ ರಜಾಯಿ ಕೊಟ್ಟರು. ಊಟಕ್ಕೆ ಥುಕ್ಪಾ, ಸ್ಕ್ಯೂ, ಖಂಬೀರ್ ರೊಟ್ಟಿ. ಬೆಣ್ಣೆ ಉಪ್ಪು ಹಾಕಿದ ಚಹಾ ನನಗೆ ಹಿಡಿಸಿತು, ಮಕ್ಕಳಿಗೆ ಆಗಲಿಲ್ಲ. ಖಂಬೀರ್‌ಗೆ ಶೇಂಗಾ ಹಿಂಡಿ ಹಚ್ಚಿ ತಿಂದದ್ದು ಅಜ್ಜಿಗೂ ಇಷ್ಟವಾಗಿ ಡಬ್ಬಿ ಅಲ್ಲೇ ಉಳಿಯಿತು.

ಕ್ಯಾಮೆರಾ, ಫೋನ್ ಬಗ್ಗೆ: ಬ್ಯಾಟರಿ ಒಳ ಅಂಗಿಯ ಜೇಬಿನಲ್ಲಿಡಿ, ಇಲ್ಲದಿದ್ದರೆ ಎಂಬತ್ತು ಪರ್ಸೆಂಟ್ ತೋರಿಸುತ್ತಿದ್ದ ಫೋನ್ ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತದೆ. ಒಳಗೆ ಬಂದ ತಕ್ಷಣ ಕ್ಯಾಮೆರಾ ಬ್ಯಾಗಿನ ಜಿಪ್ ತೆಗೆಯಬೇಡಿ, ಲೆನ್ಸ್ ಮೇಲೆ ನೀರು ಕಟ್ಟುತ್ತದೆ. ಶೂ ಒಂದು ಸೈಜ್ ದೊಡ್ಡದಿರಲಿ. ನಿಂತಲ್ಲೇ ನಿಲ್ಲುವ ಕೆಲಸ ಇದು, ಟ್ರೆಕ್ಕಿಂಗ್‌ನಲ್ಲಿ ನಡೆದರೆ ಬರುವ ಬಿಸಿ ಇಲ್ಲಿ ಬರಲ್ಲ.

ಮತ್ತೆ ಹೋಗುತ್ತೀರಾ ಅಂತ ಕೇಳಿದರೆ, ಹೌದು, ಆದರೆ ಪ್ಯಾಕೇಜ್ ಇಲ್ಲದೆ. ಲೇಹ್‌ನಲ್ಲಿ ಟ್ಯಾಕ್ಸಿ, ಹಾನ್ಲೆಯಲ್ಲಿ ಹೋಮ್‌ಸ್ಟೇ, ಅಂಬಾಸಿಡರ್ ಮೂವರನ್ನೂ ನೇರವಾಗಿ ಮಾತಾಡಿಸಿಕೊಂಡರೆ ದುಡ್ಡೂ ಅಲ್ಲಿನವರ ಕೈಗೇ ಹೋಗುತ್ತದೆ, ಅಲ್ವಾ? ಹೃದಯ, ಆಸ್ತಮಾ ತೊಂದರೆ ಇರುವ ಮಕ್ಕಳನ್ನು ಡಾಕ್ಟರ್‌ಗೆ ತೋರಿಸದೆ ಸೇರಿಸಿಕೊಳ್ಳಬೇಡಿ. ಚಳಿ ಅಷ್ಟು ಬೇಡ ಅನ್ನುವವರು ಅಕ್ಟೋಬರ್‌ನ ಅಮಾವಾಸ್ಯೆ ಹಿಡಿಯಿರಿ, ಕತ್ತಲೆ ಅದೇ, ಚಳಿ ಕಡಿಮೆ. ತಡೆದುಕೊಳ್ಳುವವರಿಗೆ 2026ರ ಡಿಸೆಂಬರ್ ಚೆನ್ನಾಗಿದೆ. 9ಕ್ಕೆ ಅಮಾವಾಸ್ಯೆ, 13 ಮತ್ತು 14ರ ರಾತ್ರಿ ಜೆಮಿನಿಡ್ ಉಲ್ಕೆಗಳು ಜೋರಾಗಿರುತ್ತವೆ, ಚಂದ್ರ ನಡುರಾತ್ರಿಗೆ ಮುಂಚೆಯೇ ಮುಳುಗುತ್ತಾನೆ, ಉಲ್ಕೆಗಳು ಜಾಸ್ತಿ ಬೀಳುವುದೂ ಅದರ ನಂತರವೇ. ಶನಿಯ ಬಳೆಯೂ ಅಷ್ಟೊತ್ತಿಗೆ ಸ್ವಲ್ಪ ತೆರೆದಿರುತ್ತದೆ. ಯಾರಾದರೂ ಆ ತಾರೀಕಿಗೆ ಉಮ್ಲಿಂಗ್ ಲಾ ಸೇರಿಸಿ ಪ್ಯಾಕೇಜ್ ಕೊಟ್ಟರೆ, ಅದನ್ನು ತೆಗೆದು ಆ ದಿನ ಮಕ್ಕಳಿಗೆ ಮಧ್ಯಾಹ್ನದವರೆಗೂ ಮಲಗಲು ಬಿಡಿ ಅಂತ ಹೇಳಿ.